ಮಾವನ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್: ಮೂರು ಸಲ ಹಾಕಿ ತೆಗೆದ ಕತೆ

2024ರ ಜುಲೈ. ಸಾಗರದ ಹತ್ತಿರ ಸೋದರಮಾವನ ಮನೆಗೆ ಹೋಗಿದ್ದೆ. ಚೀಲ ಕೆಳಗಿಡುವ ಮೊದಲೇ ಮಾವ ಒಳಗಿಂದ ಲ್ಯಾಪ್‌ಟಾಪ್ ತಂದು ಜಗಲಿಯ ಮೇಲೆ ಇಟ್ಟರು. "ಇದನ್ನ ಒಂದ್ಸಲ ನೋಡು ಮಾರಾಯ. ಸ್ವಿಚ್ ಹಾಕಿ, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದ್ರೂ ಚಕ್ರ ತಿರುಗ್ತಾನೇ ಇರ್ತದೆ. ಗುಜರಿಗೆ ಹಾಕೋದಾ ಹೇಗೆ?"

ಅದು 2009ರ ಕೊನೆಯಲ್ಲಿ ನಾನೇ ಬೆಂಗಳೂರಿನಿಂದ ತಂದುಕೊಟ್ಟದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ಡಿಡಿಆರ್2 ರ‍್ಯಾಮ್, 250 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಆ ವಿಂಡೋಸ್‌ಗೆ 2020ರ ಜನವರಿಯಲ್ಲೇ ಭದ್ರತಾ ಅಪ್‌ಡೇಟ್ ನಿಂತಿದೆ. ಬ್ಯಾಟರಿ ಸತ್ತು ಎಷ್ಟೋ ವರ್ಷ. ಹಾಗಾಗಿ ಕರೆಂಟ್ ಹೋದ ಕ್ಷಣ ಲ್ಯಾಪ್‌ಟಾಪೂ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅನ್ನೋದನ್ನ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಆಫೀಸಿನಲ್ಲಿ ದಿನವಿಡೀ ಲಿನಕ್ಸ್ ಬಳಸುವವನು, ಅಂದರೆ ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. "ಹಾಕೋದೇನೂ ಬೇಡ ಮಾವ, ಲಿನಕ್ಸ್ ಹಾಕಿಕೊಡ್ತೀನಿ, ಹೊಸದರ ಹಾಗೆ ಓಡ್ತದೆ" ಅಂತ ದೊಡ್ಡದಾಗಿ ಹೇಳಿಬಿಟ್ಟೆ. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಪೂರ್ತಿ ಮುಗಿದದ್ದು ಮೂರನೇ ಸಲ ಊರಿಗೆ ಹೋದಾಗ.

ಮಾವನಿಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಅವರು ನಿವೃತ್ತ ಹೈಸ್ಕೂಲ್ ಮಾಸ್ತರು. ಬೆಳಿಗ್ಗೆ ಅಡಿಕೆ ಧಾರಣೆ ನೋಡಬೇಕು, ಅಪರೂಪಕ್ಕೆ ಪಹಣಿ ತೆಗೀಬೇಕು, ರಾತ್ರಿ ಯೂಟ್ಯೂಬಿನಲ್ಲಿ ತಾಳಮದ್ದಳೆ ಕೇಳಬೇಕು. ಇನ್ನೊಂದು, ಇದೇ ಮುಖ್ಯ: ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹತ್ತು ವರ್ಷದ ಕಡತಗಳು. ದೇವಸ್ಥಾನದ ಕಮಿಟಿಯ ಪತ್ರ, ಸೊಸೈಟಿಗೆ ಬರೆದ ಅರ್ಜಿ, ಅವರದೇ ಲೇಖನಗಳು. "ಅದು ಹೋಯ್ತು ಅಂತಾದ್ರೆ ನಂಗೆ ನಿನ್ನ ಲಿನಕ್ಸೂ ಬೇಡ, ಮಣ್ಣೂ ಬೇಡ" ಅಂದಿದ್ದರು.

ಲಿನಕ್ಸಿನಲ್ಲಿ ಹಲವು ಬಗೆ ಇವೆ, ಅದರಲ್ಲೊಂದನ್ನು ಆರಿಸುವ ಮೊದಲು ಮಷೀನನ್ನು ನೋಡಬೇಕು. ಆ ದಿನ ನಾನು ಸರಿಯಾಗಿ ಮಾಡಿದ್ದು ಅದೊಂದೇ ಅನ್ನಿಸುತ್ತದೆ. ವಿಂಡೋಸ್ ತನ್ನನ್ನು 32 ಬಿಟ್ ಅಂತ ತೋರಿಸುತ್ತಿತ್ತು (ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡು ಮಾಹಿತಿ ನಿಭಾಯಿಸುತ್ತದೆ ಅನ್ನೋ ಲೆಕ್ಕ ಅದು, ಹಳೆಯದು 32, ಹೊಸದು 64). ಇಲ್ಲಿ ತುಂಬ ಜನ ಎಡವುತ್ತಾರೆ. ಆ ಕಾಲದಲ್ಲಿ 64 ಬಿಟ್ ಪ್ರೊಸೆಸರ್ ಮೇಲೂ 32 ಬಿಟ್ ವಿಂಡೋಸನ್ನೇ ಹಾಕಿ ಕೊಡುತ್ತಿದ್ದರು. ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ (ಅಂದರೆ ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ), ಕಮಾಂಡ್ ಬರೆಯುವ ಟರ್ಮಿನಲ್ ತೆರೆದು, ಎಲ್‌ಎಸ್‌ಸಿಪಿಯು (lscpu) ಅಂತ ಹೊಡೆದರೆ ಪ್ರೊಸೆಸರ್ ನಿಜವಾಗಿ ಯಾವುದು ಅಂತ ಮೇಲಿನ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಮಾವನದು 64 ಬಿಟ್. ಇದೊಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ಎರಡನೆಯದು ಹಾರ್ಡ್ ಡಿಸ್ಕಿನ ಆರೋಗ್ಯ. ಜಿಸ್ಮಾರ್ಟ್‌ಕಂಟ್ರೋಲ್ ಅನ್ನೋ ಸಣ್ಣ ತಂತ್ರಾಂಶ ಇದೆ. ಡಿಸ್ಕ್ ತಾನೇ ಬರೆದಿಟ್ಟುಕೊಂಡ ದಿನಚರಿಯನ್ನು ಅದು ಓದಿ ತೋರಿಸುತ್ತದೆ. ಹಾಳಾಗಿ ಬೇರೆ ಕಡೆಗೆ ಬದಲಿಸಿಕೊಂಡ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಎಷ್ಟು, ಓದಲಾಗದೆ ಬಾಕಿ ಬಿದ್ದದ್ದು ಎಷ್ಟು, ಹೀಗೆ. ಅಲ್ಲಿ ಎರಡೂ ಸೊನ್ನೆ ಇರಬೇಕಿತ್ತು. ಮಾವನ ಡಿಸ್ಕಿನಲ್ಲಿ ಬಾಕಿ ಸೆಕ್ಟರುಗಳೇ ನೂರು ದಾಟಿದ್ದವು. ಅಂದರೆ ಇಷ್ಟು ದಿನ ಚಕ್ರ ತಿರುಗುತ್ತಿದ್ದದ್ದು ವಿಂಡೋಸಿನ ಭಾರಕ್ಕೆ ಮಾತ್ರ ಅಲ್ಲ. ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗಾಡುತ್ತಿತ್ತು. ಇಂಥ ಡಿಸ್ಕಿನ ಮೇಲೆ ಜಗತ್ತಿನ ಅತಿ ಹಗುರ ಲಿನಕ್ಸ್ ಹಾಕಿದರೂ ಅದೇ ಚಕ್ರ, ಅದೇ ಸ್ನಾನ, ಅದೇ ಕಾಫಿ.

ಮೊದಲು ಬೂಟ್ ಮಾಡಿದ್ದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ್ದು. ಪೂರ್ತಿ ವ್ಯವಸ್ಥೆಯೇ ರ‍್ಯಾಮಿಗೆ ಬಂದು ಕೂತುಕೊಳ್ಳುತ್ತದೆ, ಡಿಸ್ಕಿನ ಹಂಗೇ ಬೇಡ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಕಡತ, ಫೋಟೊ ಎಲ್ಲ ಪಪ್ಪಿಯಿಂದಲೇ ಹೊರಗಿನ ಡ್ರೈವಿಗೆ ತೆಗೆದೆ. ಮೊಮ್ಮಗಳ ನಾಮಕರಣದ ಎಂಟು-ಹತ್ತು ಫೋಟೊ ಬಿಟ್ಟರೆ ಎಲ್ಲವೂ ಸಿಕ್ಕವು. ನುಡಿ ಕಡತಗಳಂತೂ ಒಂದೂ ಹೋಗಿರಲಿಲ್ಲ, ದೇವರ ದಯೆ. ಅಷ್ಟು ಖುಷಿಯಲ್ಲಿ "ಇದೇ ಇರಲಿ" ಅಂತ ಪಪ್ಪಿಯ ಪೆನ್‌ಡ್ರೈವನ್ನೇ ಸಿಕ್ಕಿಸಿ ಕೊಟ್ಟು ಬಂದೆ.

ನಾಲ್ಕೇ ದಿನಕ್ಕೆ ಫೋನು. ಮಾವ ಎರಡು ಪುಟದ ಪತ್ರ ಬರೆದಿದ್ದಾರೆ, ಸೇವ್ ಕೂಡ ಮಾಡಿದ್ದಾರೆ, ಕರೆಂಟ್ ಹೋಗಿದೆ, ಪತ್ರ ಇಲ್ಲ. ತಪ್ಪು ಪೂರ್ತಿ ನನ್ನದೇ. ಪೆನ್‌ಡ್ರೈವಿನಿಂದ ಓಡುವಾಗ ಪಪ್ಪಿ ಬರೆದದ್ದನ್ನೆಲ್ಲ ರ‍್ಯಾಮಿನಲ್ಲೇ ಇಟ್ಟುಕೊಂಡು, ಆಗಾಗ ಇಲ್ಲವೇ ಶಟ್‌ಡೌನ್ ಮಾಡುವಾಗ ಪೆನ್‌ಡ್ರೈವಿಗೆ ಇಳಿಸುತ್ತದೆ. ಪೆನ್‌ಡ್ರೈವ್ ಬೇಗ ಸವೆಯದಿರಲಿ ಅಂತ ಮಾಡಿರುವ ಏರ್ಪಾಡು. ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ಏನೂ ತೊಂದರೆ ಇಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಮಲೆನಾಡಿನ ಜುಲೈನಲ್ಲಿ ಹಾಗೆ ಬಿಟ್ಟು ಬಂದವನಿಗೆ ಏನು ಹೇಳೋದು. ಮಾವ ಬೈಯಲಿಲ್ಲ. "ಹೋಗ್ಲಿ ಬಿಡು, ಪತ್ರದಲ್ಲಿ ಸ್ವಲ್ಪ ಸಿಟ್ಟು ಜಾಸ್ತಿ ಆಗಿತ್ತು" ಅಂದರು.

ಎರಡನೇ ಸಲ ಹೋಗುವಾಗ ತಯಾರಿ ಮಾಡಿಕೊಂಡೇ ಹೋದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆ ಡಿಡಿಆರ್2 ರ‍್ಯಾಮ್ ಹುಡುಕಿ, 2 ಜಿಬಿಯ ಎರಡು ಕಡ್ಡಿ ತೆಗೆದುಕೊಂಡೆ. ಲ್ಯಾಪ್‌ಟಾಪಿನದು ಬೇರೆ, ಡೆಸ್ಕ್‌ಟಾಪಿನದು ಬೇರೆ, ಉದ್ದ ನೋಡಿಯೇ ಹೇಳಬಹುದು, ಆದರೂ ಹಳೆ ಕಡ್ಡಿ ಜೊತೆಗೆ ಒಯ್ದು ತೋರಿಸಿ ತಗೊಳ್ಳಿ. ಜೊತೆಗೆ 240 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೇ ಆಯಿತು. ಡಿಸ್ಕ್ ಜೋಡಿಸುವ ಆ ಕಾಲದ ಸಾಟಾ ಪೋರ್ಟು ಎಸ್‌ಎಸ್‌ಡಿಯ ಪೂರ್ತಿ ವೇಗ ಕೊಡುವುದಿಲ್ಲ, ಅರ್ಧದಷ್ಟು ಕೊಡುತ್ತದೆ. ಆ ಅರ್ಧವೇ ಹಳೆ ಡಿಸ್ಕಿಗೆ ಹೋಲಿಸಿದರೆ ಎತ್ತಿನಗಾಡಿ ಇಳಿದು ಬಸ್ಸು ಹತ್ತಿದ ಹಾಗೆ.

ಬೆಂಗಳೂರಿನಲ್ಲೇ ವೆಂಟಾಯ್ ಹಾಕಿದ ಒಂದು ಪೆನ್‌ಡ್ರೈವ್ ತಯಾರು ಮಾಡಿದ್ದೆ. ಒಂದೊಂದು ಲಿನಕ್ಸಿಗೂ ಒಂದೊಂದು ಪೆನ್‌ಡ್ರೈವ್ ಬರೆಯುವ ಕಷ್ಟ ಇದರಲ್ಲಿಲ್ಲ. ಲಿನಕ್ಸ್ ಇಳಿಸಿಕೊಂಡಾಗ ಸಿಗುವ ಐಎಸ್ಒ ಕಡತಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು, ಬೂಟ್ ಆಗುವಾಗ ಪಟ್ಟಿ ತೋರಿಸಿ ಯಾವುದು ಬೇಕು ಅಂತ ಕೇಳುತ್ತದೆ. ಆಂಟಿಎಕ್ಸ್ 23, ಎಂಎಕ್ಸ್ 23, ಲುಬುಂಟು, ಡೆಬಿಯನ್ 12, ಹೀಗೆ ನಾಲ್ಕು ಬಗೆಯ ಲಿನಕ್ಸ್ ಹಾಕಿಕೊಂಡಿದ್ದೆ. ಜಗಲಿಯಲ್ಲಿ ಕೂತು ಒಂದೊಂದನ್ನೂ ಬೂಟ್ ಮಾಡಿ, ಐದು ನಿಮಿಷ ಬಿಟ್ಟು, ಎಷ್ಟು ರ‍್ಯಾಮ್ ತಿಂದಿದೆ ಅಂತ ಕಾಗದದ ಮೇಲೆ ಬರೆದೆ. ಫ್ರೀ ಅನ್ನೋ ಕಮಾಂಡ್ ಕೊಟ್ಟಾಗ 'ಅವೈಲಬಲ್' ಅಂತಿರುವ ಕೊನೆಯ ಕಾಲಮ್ ನೋಡಿ. 'ಫ್ರೀ' ಅಂತ ಇರುವ ಕಾಲಮ್ ನೋಡಿ ಗಾಬರಿ ಆಗಬೇಡಿ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಕ್ಯಾಶ್ ಆಗಿ, ಅಂದರೆ ತಾತ್ಕಾಲಿಕ ಸಂಗ್ರಹವಾಗಿ ಬಳಸಿಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ.

ಕಾಗದದ ಮೇಲೆ ಆಂಟಿಎಕ್ಸ್ ಗೆದ್ದಿತು, ಅದೂ ಭಾರೀ ಅಂತರದಲ್ಲಿ. ಸುಮ್ಮನೆ ಕೂತಾಗ 200 ಎಂಬಿಯ ಆಚೀಚೆ. ಲುಬುಂಟು, ಎಕ್ಸ್‌ಎಫ್‌ಸಿಇ ಅನ್ನೋ ಡೆಸ್ಕ್‌ಟಾಪಿನ ಡೆಬಿಯನ್ ಎರಡೂ 500ರ ಹತ್ತಿರ, ಎಂಎಕ್ಸ್ ಇನ್ನೂ ಸ್ವಲ್ಪ ಮೇಲೆ. ನಮ್ಮಂಥವರಿಗೆ ಇಂಥ ಅಂಕಿ ಸಿಕ್ಕರೆ ಬೇರೇನೂ ಕಾಣುವುದಿಲ್ಲ. ಆಂಟಿಎಕ್ಸ್ ಹಾಕಿದೆ. ಡೆಬಿಯನ್ ಮೇಲೆ ಕಟ್ಟಿದ್ದು, ಐಸ್‌ಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್, ಜೆಡಬ್ಲ್ಯೂಎಂ ಅಂತ ಬೇಕಾದ ವಿಂಡೋ ಮ್ಯಾನೇಜರ್ (ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ತಂತ್ರಾಂಶ) ಆರಿಸಿಕೊಳ್ಳಬಹುದು. ನನಗಂತೂ ಬಹಳ ಇಷ್ಟವಾಯಿತು. ಎಸ್‌ಎಸ್‌ಡಿ ಮೇಲೆ ಬೂಟ್ ಆಗಲು ಅರ್ಧ ನಿಮಿಷವೂ ಬೇಡ. ಮಾವನ ಮುಖದಲ್ಲೂ ನಗು.

ಮರುದಿನ ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದೆ. "ಏ, ಎಲ್ಲ ಮಾಯ ಆಯ್ತಲ್ಲ ಮಾರಾಯ!" ಎದ್ದು ಬಂದು ನೋಡಿದರೆ ನಿನ್ನೆಯ ಡೆಸ್ಕ್‌ಟಾಪ್ ಇಲ್ಲ. ಐಕಾನ್ ಇಲ್ಲ, ಏನಿಲ್ಲ, ಬೇರೆಯೇ ಬಣ್ಣದ ಖಾಲಿ ಪರದೆ. ಆದದ್ದು ಇಷ್ಟು. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ನೆನಪಾಗದೆ ಮಾವ ಎಫ್1 ಒತ್ತಿದ್ದಾರೆ. ಎಫ್1 ಅಂದರೆ ಸಹಾಯ, ಮೂವತ್ತು ವರ್ಷದಿಂದ ಎಲ್ಲ ಕಡೆ ಹಾಗೇ ಅಲ್ವಾ? ಈ ಲಾಗಿನ್ ಪರದೆಯಲ್ಲಿ ಎಫ್1 ಒತ್ತಿದರೆ ಯಾವ ಡೆಸ್ಕ್‌ಟಾಪಿಗೆ ಹೋಗಬೇಕು ಅನ್ನೋದನ್ನ ಬದಲಿಸಬಹುದು. ಗೊತ್ತಿರುವವರಿಗೆ ಅದು ಅನುಕೂಲ. ಮಾವನಿಗೆ ಮನೆಯ ಬಾಗಿಲು ತೆಗೆದರೆ ಬೇರೆಯವರ ಮನೆ ಕಂಡ ಹಾಗೆ. ಆಮೇಲೆ ಎರಡು ದಿನ ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ಸಣ್ಣ ಕೆಲಸಕ್ಕೂ ನನ್ನ ಮುಖ ನೋಡುತ್ತಿದ್ದರು. ನಾನು ಬಸ್ಸು ಹತ್ತಿದ ಮೇಲೆ ಯಾರ ಮುಖ ನೋಡಬೇಕು?

ಆ ಎರಡು ದಿನ ಕೂತು ನೋಡಿದ್ದು ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಮಾವ ಧಾರಣೆ ನೋಡಿ, ತಾಳಮದ್ದಳೆ ಹಚ್ಚಿ, ಮೇಲ್ ತೆರೆದಾಗ ಬ್ರೌಸರ್ ಒಂದೇ ಒಂದು ಜಿಬಿಗಿಂತ ಜಾಸ್ತಿ ನುಂಗುತ್ತಿತ್ತು. ನಾನು ಕಾಗದದ ಮೇಲೆ ಬರೆದು ಹೆಮ್ಮೆಪಟ್ಟದ್ದು 300 ಎಂಬಿಯ ವ್ಯತ್ಯಾಸ, ಅಂದರೆ ಒಂದು ಯೂಟ್ಯೂಬ್ ಟ್ಯಾಬಿನ ಬೆಲೆ! 512 ಎಂಬಿ ಅಥವಾ 1 ಜಿಬಿಯ ಮಷೀನಾದರೆ ಆ 300 ಪ್ರಾಣ ಉಳಿಸುತ್ತದೆ. 2 ಜಿಬಿಯಲ್ಲಿ ಯೋಚನೆ ಮಾಡಬೇಕಾದ ವಿಷಯ. ಆದರೆ ರ‍್ಯಾಮ್ 4 ಜಿಬಿ ಆಗಿಯಾಗಿತ್ತು. ಅಲ್ಲಿಗೆ ಹಗುರ ಅನ್ನೋದರ ಹಿಂದೆ ಬಿದ್ದು, ಬಳಸುವ ಮನುಷ್ಯನಿಗೆ ಸಲೀಸಾದದ್ದನ್ನು ಬಿಟ್ಟದ್ದು ನನ್ನ ದಡ್ಡತನ.

ಮೂರನೆಯ ಸಲ ಡೆಬಿಯನ್ 12, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಲುಬುಂಟು ಯಾಕೆ ಬೇಡ ಅಂದರೆ, ಕೆಟ್ಟದ್ದು ಅಂತಲ್ಲ. ಎಕ್ಸ್‌ಎಫ್‌ಸಿಇಯ ಪ್ಯಾನೆಲನ್ನು ಕೆಳಗೆ ಇಳಿಸಿ, ಎಡ ಮೂಲೆಗೆ ಮೆನು ಇಟ್ಟು, ಮಾವನ ಹಳೆ ವಿಂಡೋಸ್ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಮಾಡಲು ನನಗೆ ಕೈ ಪಳಗಿತ್ತು. ಅಷ್ಟೇ ಕಾರಣ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ. ಅಲ್ಲಿವರೆಗೆ ಯಾವ ಮೆನುವೂ ಜಾಗ ಬದಲಿಸುವುದಿಲ್ಲ. ನನ್ನಂಥವನಿಗೆ ಡೆಬಿಯನ್ ಬೋರು ಅನ್ನಿಸುವುದು ಇದಕ್ಕೇ. ಮಾವನಿಗೆ ಬೇಕಾದದ್ದೂ ಇದೇ.

ಹಾಕುವಾಗ ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಒಂದು, ವೈಫೈ. 12ನೇ ಆವೃತ್ತಿಯಿಂದ ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲೇ ಮುಕ್ತವಲ್ಲದ ಫರ್ಮ್‌ವೇರ್ (ಚಿಪ್ಪುಗಳನ್ನು ನಡೆಸುವ ಸಣ್ಣ ತಂತ್ರಾಂಶ) ಸೇರಿಸಿ ಕೊಡುತ್ತದೆ. ಹಾಗಾಗಿ ಧೈರ್ಯವಾಗಿದ್ದೆ. ಆದರೆ ಈ ಲ್ಯಾಪ್‌ಟಾಪಿನ ವೈಫೈ ಚಿಪ್ಪಿನ ಫರ್ಮ್‌ವೇರನ್ನು ಬೇರೆಯವರು ಹಂಚುವ ಹಾಗಿಲ್ಲ. ಹಾಗಾಗಿ ಬಿ43 ಅನ್ನೋ ಡ್ರೈವರ್ ಇದ್ದರೂ ಅದಕ್ಕೆ ಬೇಕಾದ ಫರ್ಮ್‌ವೇರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬರಬೇಕಾದರೆ ವೈಫೈ ಬೇಕು, ವೈಫೈ ಬರಬೇಕಾದರೆ ಇಂಟರ್ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡೋದಿಲ್ಲ, ಹುಚ್ಚು ಬಿಡದೆ ಮದುವೆಯಾಗೋದಿಲ್ಲ. ದಾರಿ ಸುಲಭದ್ದೇ ಇತ್ತು. ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಬೇರೆ ಯಾವ ಡ್ರೈವರೂ ಹಾಕದೆ ಇಂಟರ್ನೆಟ್ ಬಂತು. ಆಮೇಲೆ ಬಿ43 ಇನ್‌ಸ್ಟಾಲರ್ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದೆ. ಫೋನಿಗೆ ಸಿಗ್ನಲ್ ಬರುವುದು ಕೊಟ್ಟಿಗೆಯ ಹತ್ತಿರ ಮಾತ್ರ, ಹಾಗಾಗಿ ಈ ಕೆಲಸ ನಡೆದದ್ದು ಹುಲ್ಲಿನ ಹೊರೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು.

ಇನ್ನೊಂದು ವಿಚಿತ್ರ. ಎಲ್ಲ ಮುಗಿದು ಖುಷಿಯಲ್ಲಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ಫೈರ್‌ಫಾಕ್ಸ್ ಯಾವ ತಾಣವನ್ನೂ ತೆರೆಯುತ್ತಿಲ್ಲ. ಸಂಪರ್ಕ ಸುರಕ್ಷಿತವಲ್ಲ ಅಂತ ಎಚ್ಚರಿಕೆ. ಅಪ್‌ಡೇಟ್ ಮಾಡೋಣ ಅಂದರೆ ರೆಪಾಸಿಟರಿಯ (ತಂತ್ರಾಂಶಗಳ ಸಂಗ್ರಹದ) ಕಡತ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಗೊಣಗಾಟ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಮೂಲೆಯ ಗಡಿಯಾರ ಕಂಡಿತು. 2009ರ ಜನವರಿ 1! ಮದರ್‌ಬೋರ್ಡಿನಲ್ಲಿ ಗುಂಡಿಯಂಥ ಒಂದು ಸೆಲ್ ಇರುತ್ತದೆ, ಅದು ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ತಾನು ಹುಟ್ಟಿದ ವರ್ಷಕ್ಕೆ ಓಡಿಹೋಗುತ್ತಿತ್ತು. ತಾಣ ಅಸಲಿ ಅಂತ ಹೇಳುವ ಇವತ್ತಿನ ಭದ್ರತಾ ಸರ್ಟಿಫಿಕೇಟ್‌ಗಳೆಲ್ಲ 2009ರ ಕಣ್ಣಿಗೆ ಇನ್ನೂ ಹುಟ್ಟದೇ ಇರುವವು, ನಂಬುವುದಾದರೂ ಹೇಗೆ? ಸಾಗರದ ಪೇಟೆಯಲ್ಲಿ ವಾಚ್ ರಿಪೇರಿಯವರ ಹತ್ತಿರ ಸಿಆರ್2032 ಸೆಲ್ ಸಿಕ್ಕಿತು. ಹಳೆ ಮಷೀನಿಗೆ ಕೈ ಹಾಕಿದರೆ ಮೊದಲು ಈ ಸೆಲ್ ಬದಲಿಸಿಬಿಡಿ, ಆಮೇಲೆ ಉಳಿದ ಮಾತು. ಬಿಚ್ಚಿದ್ದೇ ಬಿಚ್ಚಿದ್ದು, ಫ್ಯಾನಿನ ಬಾಯಲ್ಲಿ ದಪ್ಪ ಕಂಬಳಿಯ ಹಾಗೆ ಕೂತಿದ್ದ ದೂಳನ್ನೂ ತೆಗೆದೆ.

ಕನ್ನಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಗುರ ಲಿನಕ್ಸ್ ಬಗ್ಗೆ ಬರೆಯುವವರು ಇದನ್ನು ಬರೆಯುವುದೇ ಇಲ್ಲ. ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಅನ್ನೋ ಒಂದೇ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಕನ್ನಡ, ಮೂರೂ ಫಾಂಟ್ ಬರುತ್ತವೆ. ಟೈಪ್ ಮಾಡಲು ಐಬಸ್ (ಬೇರೆ ಬೇರೆ ಭಾಷೆಯಲ್ಲಿ ಬರೆಯಲು ನೆರವಾಗುವ ತಂತ್ರಾಂಶ) ಮತ್ತು ಅದರ ಎಂ17ಎನ್ ಪ್ಯಾಕೇಜ್. ಅದರೊಳಗೆ ಕೆಜಿಪಿ ಅಂತ ಒಂದು ವಿನ್ಯಾಸ ಇದೆ, ಅದು ನುಡಿಯದೇ ಕ-ಗ-ಪ ಕೀಲಿಮಣೆ. ಮಾವ ಅನುಮಾನದಿಂದಲೇ ಕೂತರು. ಎ ಒತ್ತಿದರು, ಅ ಬಂತು. ಕೆ ಒತ್ತಿದರು, ಕ ಬಂತು. ಒತ್ತಕ್ಷರಕ್ಕೆ ನುಡಿಯಲ್ಲಿ ಒತ್ತುವ ಹಾಗೆ ಎಫ್, ಮತ್ತೆ ಕೆ. ಪರದೆಯ ಮೇಲೆ 'ಅಕ್ಕ' ಅಂತ ಮೂಡಿತು. "ಹಾಂ, ಇದು ಸರಿ" ಅಂದರು. ಪಪ್ಪಿಯಿಂದ ಹಿಡಿದು ಇಲ್ಲಿವರೆಗೆ ಅವರು ಸರಿ ಅಂದದ್ದು ಅದೇ ಮೊದಲು. ರ‍್ಯಾಮ್ ತೀರಾ ಕಡಿಮೆ ಇರುವವರು ಐಬಸ್ ಕೂಡ ಹಾಕಬೇಕಾಗಿಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲೇ ಭಾರತ ವಿಭಾಗದ ಕೆಳಗೆ ಕನ್ನಡ ಕಗಪ ಅಂತ ಒಂದು ಲೇಔಟ್ ಇದೆ, ಹಿನ್ನೆಲೆಯಲ್ಲಿ ಯಾವ ತಂತ್ರಾಂಶವೂ ಓಡದೆ ಅದು ಕೆಲಸ ಮಾಡುತ್ತದೆ.

ಹಳೆ ನುಡಿ ಕಡತಗಳು ಬೇರೆಯೇ ಕತೆ. ಲಿಬ್ರೆಆಫೀಸಿನಲ್ಲಿ ತೆರೆದರೆ ಅಕ್ಷರವೇ ಇಲ್ಲ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಎಳೆದ ಎ, ನಡುವೆ ಪೌಂಡಿನ ಗುರುತು. ಮಾವನ ಮುಖ ಬಿಳಿಚಿಕೊಂಡಿತು. ಕಡತ ಹಾಳಾಗಿರಲಿಲ್ಲ. ಅವು ಯೂನಿಕೋಡ್ (ಯಾವ ಫಾಂಟಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಪದ್ಧತಿ) ಬಳಕೆಗೆ ಬರುವ ಮೊದಲಿನ ಪದ್ಧತಿಯವು, ಆಯಾ ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿದ್ದ ನುಡಿ ಫಾಂಟುಗಳನ್ನು ಕಾಪಿ ಮಾಡಿ, ಹೋಮ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿದೆ. ಮತ್ತೆ ತೆರೆದಾಗ ಎಲ್ಲ ಅಕ್ಷರ ತಮ್ಮ ಜಾಗದಲ್ಲಿ ಕೂತಿದ್ದವು. ಮುಂದಕ್ಕೆ ಬೇಕಾದ ಲೇಖನಗಳನ್ನು ಯೂನಿಕೋಡಿಗೆ ಬದಲಿಸಿಕೊಟ್ಟೆ. ಅರ್ಕಾವತ್ತು ಇರುವ ಕಡೆ ಒಂದೊಂದು ಸಲ ಎಡವಟ್ಟಾಗುತ್ತದೆ, ಕೈಯಲ್ಲಿ ತಿದ್ದಬೇಕು. ಮಾಸ್ತರಿಗೆ ತಿದ್ದುವುದೇನು ಹೊಸದಾ?

ಯೂಟ್ಯೂಬಿಗೆ ಎರಡು ಕೆಲಸ ಮಾಡಿದೆ. ಜಾಹೀರಾತು ತಡೆಯಲು ಯುಬ್ಲಾಕ್ ಆರಿಜಿನ್, ಅದರಿಂದ ಪುಟಗಳ ಭಾರವೇ ಇಳಿಯುತ್ತದೆ. ಇನ್ನೊಂದು ಎಚ್264ಇಫೈ ಅನ್ನೋ ಆಡ್‌ಆನ್. ಯೂಟ್ಯೂಬ್ ಈಗ ಕೊಡುವ ವಿಪಿ9, ಎವಿ1 ಬಗೆಯ ವಿಡಿಯೊ ಬಿಚ್ಚಲು ಹಳೆ ಪ್ರೊಸೆಸರಿಗೆ ಏದುಸಿರು ಬರುತ್ತದೆ. ಈ ಆಡ್‌ಆನ್ ಹಳೆಯ ಎಚ್.264 ರೂಪದಲ್ಲೇ ಕೊಡು ಅಂತ ಕೇಳುತ್ತದೆ. 480ರಲ್ಲಿ ಸಲೀಸಾಗಿ ಓಡುತ್ತದೆ. ಅಲ್ಲದೆ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಅದಕ್ಕೆ 1080 ಯಾಕೆ ಹೇಳಿ.

ಕೊನೆಯದಾಗಿ ಝಡ್‌ರ‍್ಯಾಮ್ ಹಾಕಿದೆ. ಡೆಬಿಯನ್‌ನಲ್ಲಿ ಝಡ್‌ರ‍್ಯಾಮ್-ಟೂಲ್ಸ್ ಅಂತ ಸಿಗುತ್ತದೆ. ರ‍್ಯಾಮ್ ತುಂಬುತ್ತಾ ಬಂದಾಗ ಡಿಸ್ಕಿಗೆ ಬರೆಯುವ ಬದಲು, ರ‍್ಯಾಮಿನೊಳಗೇ ಒತ್ತಿ ಸಣ್ಣದು ಮಾಡಿ ಇಡುತ್ತದೆ. ಸೆಟ್ಟಿಂಗ್ ಕಡತದಲ್ಲಿ ಶೇಕಡಾ 50 ಅಂತ ಕೊಟ್ಟು ಮರೆತುಬಿಟ್ಟಿದ್ದೇನೆ. ಮಾವ ಈಗ ಏಳೆಂಟು ಟ್ಯಾಬ್ ತೆರೆದಿಟ್ಟರೂ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ.

ಇಷ್ಟಾಗಿ ಸುದ್ದಿ ಊರಲ್ಲಿ ಹಬ್ಬಿತು. 2025ರ ದೀಪಾವಳಿಗೆ ಹೋದಾಗ ಪಕ್ಕದ ಮನೆಯವರು ಮಗಳ ಹಳೆ ನೆಟ್‌ಬುಕ್ ಹಿಡಿದುಕೊಂಡು ಬಂದರು. ಹತ್ತಿಂಚಿನ ಪರದೆ, ಆಟಮ್ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್. ಇದು ಅಪ್ಪಟ 32 ಬಿಟ್. ಮೊದಲು ಹೇಳ್ತೀನಿ ಅಂದಿದ್ದೆನಲ್ಲ, ಅದು ಇಲ್ಲಿ ಬಂತು. 64 ಬಿಟ್ ಆದರೆ ಆಯ್ಕೆಗೆ ಬರವಿಲ್ಲ, 32 ಬಿಟ್ ಆದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿವೆ. ಉಬುಂಟು 32 ಬಿಟ್ ಡೆಸ್ಕ್‌ಟಾಪ್ ಐಎಸ್ಒ ನಿಲ್ಲಿಸಿದ್ದು 2017ರಲ್ಲಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರೂ ಇಲ್ಲ, ಲಿನಕ್ಸಿನ ತಿರುಳಾದ ಕರ್ನಲ್ಲೂ ಇಲ್ಲ. ಲಿನಕ್ಸಿಗೆ 32 ಬಿಟ್ ಕ್ರೋಮ್ 2016ರಲ್ಲೇ ಹೋಗಿದೆ. ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಗೆ ನಿಲ್ಲಿಸಿದೆ, ದೀರ್ಘಾವಧಿ ಬೆಂಬಲದ ಇಎಸ್ಆರ್ 140 ಒಂದಕ್ಕೆ ಮಾತ್ರ 2026ರ ಸೆಪ್ಟೆಂಬರ್ ತನಕವಾದರೂ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದರು.

ಅವರಿಗೆ ನೇರವಾಗಿ ಹೇಳಿದೆ, ಇದರಲ್ಲಿ ಇಂಟರ್ನೆಟ್ ಆಸೆ ಬಿಡಿ ಅಂತ. ಅವರಿಗೂ ಅದು ಬೇಕಿರಲಿಲ್ಲ. ಹಾಲಿನ ಸೊಸೈಟಿಯ ಲೆಕ್ಕ ಬರೆಯಬೇಕು, ಪೆನ್‌ಡ್ರೈವಿನಲ್ಲಿರುವ ಭಜನೆ ಕೇಳಬೇಕು, ಅಷ್ಟೆ. ಲೆಕ್ಕಕ್ಕೆ ಗ್ನೂಮೆರಿಕ್ ಹಾಕಿದೆ. ಲಿನಕ್ಸ್ ಯಾವುದು ಅಂತ ಈ ಸಲ ಯೋಚನೆ ಮಾಡಲೇ ಇಲ್ಲ, 32 ಬಿಟ್ ಆಂಟಿಎಕ್ಸ್ 23. ಆ 300 ಎಂಬಿಗೆ ಈ ಮಷೀನಿನಲ್ಲಿ ನಿಜವಾಗಿ ಬೆಲೆ ಇದೆ.

ಎಲ್ಲ ಮುಗಿಸಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಾವ ಪಕ್ಕದ ಮನೆಯವರನ್ನು ನೆಟ್‌ಬುಕ್ ಮುಂದೆ ಕೂರಿಸಿಕೊಂಡು ಪಾಠ ಶುರುಮಾಡಿಬಿಟ್ಟಿದ್ದರು. ಪಾಸ್‌ವರ್ಡ್ ಹಾಕುವುದು ಹೇಗೆ, ಮೆನು ಎಲ್ಲಿದೆ, ಶಟ್‌ಡೌನ್ ಮಾಡುವುದು ಹೇಗೆ. ಆಮೇಲೆ ಬೆರಳು ಎತ್ತಿ ಕೀಬೋರ್ಡಿನ ಮೇಲಿನ ಸಾಲು ತೋರಿಸಿ, "ನೋಡು, ಏನು ಬೇಕಾದ್ರೂ ಒತ್ತು. ಈ ಎಫ್1 ಒಂದನ್ನ ಮಾತ್ರ ಮುಟ್ಟಬೇಡ ಮಾರಾಯ" ಅಂದರು.